ಮಿರರ್‌ಲೆಸ್‌ನಲ್ಲಿ ಫೋಕಸ್ ಸಿಗದೆ, ಫ್ಲಾಶ್ ಹೊಡೆಯದೆ ಕೈಕೊಟ್ಟಾಗ ಏನೇನು ನೋಡ್ಬೇಕು

ತುಮಕೂರಲ್ಲಿ ಒಂದು ಆರತಕ್ಷತೆ. ಒಳಗೆ ಕನ್ನಡಿ ಇರೋ ಡಿಎಸ್‌ಎಲ್‌ಆರ್ ಕ್ಯಾಮೆರಾ ಮಾರಿ, ಕನ್ನಡಿ ಇಲ್ಲದ ಮಿರರ್‌ಲೆಸ್ ತಗೊಂಡಮೇಲೆ ಅದು ನನ್ನ ಮೂರನೇ ಪ್ರೋಗ್ರಾಂ. ಹುಡುಗ ಹುಡುಗಿ ಎಂಟ್ರಿ ಅಂತ ಹಾಲ್ ಲೈಟ್ ಎಲ್ಲ ಆಫ್ ಮಾಡಿದ್ರು, ಸ್ಟೇಜಿಗೆ ಬಣ್ಣ ಹಾಕೋ ಒಂದು ನೀಲಿ ಪಾರ್ ಲೈಟ್ ಬಿಟ್ರೆ ಏನೂ ಇಲ್ಲ, ನಾನು ಬಟನ್ ಅರ್ಧ ಒತ್ತಿದ್ರೆ ಲೆನ್ಸ್ ಹಿಂದೆ ಮುಂದೆ ಓಡಾಡ್ತಾನೇ ಇದೆ, ಫೋಕಸ್ ಸಿಕ್ತು ಅನ್ನೋ ಹಸಿರು ಚೌಕ ಬರ್ತಾನೇ ಇಲ್ಲ. ಮೇಲೆ ಫ್ಲಾಶ್ ಇದೆ, ಬ್ಯಾಟರಿ ಫುಲ್ ಇದೆ, ಆದ್ರೂ ಹನ್ನೆರಡು ಫ್ರೇಮಲ್ಲಿ ಹತ್ತು ಮಸುಕು. ಎದೆ ಧಸಕ್ ಅಂತು. ಕ್ಯಾಮೆರಾ ಬಾಡಿನೇ ಹೋಯ್ತು ಅಂದ್ಕೊಂಡು ಮಾರನೇ ದಿನ ಸರ್ವಿಸ್ ಸೆಂಟರ್‌ಗೆ ಕೊಟ್ಟೆ, ಒಂಬತ್ತು ದಿನ ಇಟ್ಕೊಂಡು "ಏನೂ ತೊಂದರೆ ಇಲ್ಲ" ಅಂತ ಬರೆದು ವಾಪಸ್ ಕೊಟ್ರು. ನಿಜವಾಗ್ಲೂ ತೊಂದರೆ ಇರ್ಲಿಲ್ಲ. ಕತ್ತಲಲ್ಲಿ ಈ ಕ್ಯಾಮೆರಾ ಹೇಗೆ ನೋಡತ್ತೆ ಅನ್ನೋದನ್ನ ಯಾರೂ ನನಗೆ ಹೇಳಿರ್ಲಿಲ್ಲ, ಅಷ್ಟೇ. ಅದಕ್ಕೇ ಇದನ್ನ ಬರೀತಿದೀನಿ, ಊರೂರಲ್ಲಿ ಮದುವೆ ಹೊಡೆಯೋ ಹುಡುಗರು ಸಾಲ ಮಾಡಿ ಬಾಡಿ ತಗೊಂಡಿರ್ತಾರೆ, ಅವರಿಗೆ ಹೀಗೆ ಒಂಬತ್ತು ದಿನ ಹೋಗಬಾರದು.

ಮೊದಲು ಫೋಕಸ್ಸನ್ನೂ ಫ್ಲಾಶನ್ನೂ ಬೇರೆ ಮಾಡಿ

ಎರಡೂ ಒಟ್ಟಿಗೆ ಕೆಟ್ಟ ಹಾಗೆ ಕಾಣತ್ತೆ, ಆದ್ರೆ ಒಟ್ಟಿಗೆ ಹುಡುಕೋಕೆ ಹೋದ್ರೆ ತಲೆ ಕೆಡತ್ತೆ. ಫ್ಲಾಶ್ ಬಿಚ್ಚಿ ಪಕ್ಕಕ್ಕಿಡಿ. ಹಗಲು ಹೊತ್ತಲ್ಲಿ ಮನೆ ಹೊರಗೆ ಗೋಡೆ ಮೇಲೆ ಒಂದು ನ್ಯೂಸ್‌ಪೇಪರ್ ಅಂಟಿಸಿ, ಸಿಂಗಲ್ ಪಾಯಿಂಟ್, ಎಎಫ್-ಎಸ್ (ಒಂದು ಸಲ ಫೋಕಸ್ ಮಾಡಿ ನಿಲ್ಲೋ ಮೋಡ್), ಲೆನ್ಸ್ ಪೂರ್ತಿ ಓಪನ್ (ಅತಿ ಚಿಕ್ಕ ಎಫ್ ನಂಬರ್) ಇಟ್ಟು ಹತ್ತು ಫ್ರೇಮ್ ಹೊಡೀರಿ, ಪ್ರತಿ ಸಲ ಕೈಯಿಂದ ಫೋಕಸ್ ರಿಂಗ್ ತಿರುಗಿಸಿ ಕೆಡಿಸಿ ಮತ್ತೆ ಅರ್ಧ ಒತ್ತಿ. ಹತ್ತೂ ಅಕ್ಷರ ಶಾರ್ಪ್ ಬಂತು ಅಂದ್ರೆ ಬಾಡಿ ಲೆನ್ಸ್ ಎರಡೂ ಚೆನ್ನಾಗಿದೆ, ನಿಮ್ಮ ಸಮಸ್ಯೆ ಇರೋದು ಬೆಳಕಲ್ಲಿ ಇಲ್ಲಾ ಸೆಟ್ಟಿಂಗ್‌ನಲ್ಲಿ. ಹಗಲಲ್ಲೂ ಬರ್ಲಿಲ್ಲ ಅಂದ್ರೆ ಲೆನ್ಸ್ ಮೇಲಿನ ಎಎಫ್-ಎಂಎಫ್ (ಆಟೋ-ಮ್ಯಾನುಯಲ್ ಫೋಕಸ್) ಸ್ವಿಚ್ ನೋಡಿ, ಟೆಲಿ ಲೆನ್ಸ್ ಆದ್ರೆ ಪಕ್ಕದಲ್ಲಿರೋ ದೂರದ ಲಿಮಿಟ್ ಸ್ವಿಚ್ ನೋಡಿ, ಬ್ಯಾಗಲ್ಲಿ ತುರುಕುವಾಗ ಅವು ತಾವೇ ಸರಿದುಬಿಡ್ತವೆ. ಆಮೇಲೆ ಲೆನ್ಸ್ ಹಿಂದಿನ ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸಿಗೋ ಐಪಿಎ ಅನ್ನೋ ಕ್ಲೀನಿಂಗ್ ಸ್ಪಿರಿಟ್ ಒಂದೆರಡು ಹನಿ ಮೆತ್ತನೆ ಬಟ್ಟೆಗೆ ಹಾಕಿ, ಲೆನ್ಸ್ ಮೇಲೆ ಅಲ್ಲ, ಬಟ್ಟೆಗೆ ಹಾಕಿ ಒರೆಸಿ. ಮಂಗಳೂರು ಉಡುಪಿ ಕಡೆಯವರು ಇದನ್ನ ತಿಂಗಳಿಗೊಮ್ಮೆ ಮಾಡಿದ್ರೂ ಜಾಸ್ತಿ ಅಲ್ಲ, ಉಪ್ಪುಗಾಳಿ ಬಿಡಲ್ಲ.

ನಿಕಾನ್‌ನವರಿಗೆ ಇನ್ನೊಂದು ಮಾತು. ಹಳೆ 50 ಎಂಎಂ ಎಫ್ 1.8 ಡಿ ಲೆನ್ಸ್ ಎಷ್ಟೋ ಜನರ ಹತ್ರ ಇದೆ. ಅದನ್ನ ಎಫ್‌ಟಿಝಡ್ ಅಡಾಪ್ಟರ್ ಹಾಕಿ ಝಡ್ ಮಿರರ್‌ಲೆಸ್ ಬಾಡಿಗೆ ಕೂರಿಸಿದ್ರೆ ಆಟೋಫೋಕಸ್ ಆಗಲ್ಲ, ಯಾಕಂದ್ರೆ ಆ ಲೆನ್ಸ್ ಒಳಗೆ ಮೋಟರ್ ಇಲ್ಲ, ಹಳೆ ಬಾಡಿಯ ಸ್ಕ್ರೂ ತಿರುಗಿಸಿ ಓಡಿಸ್ತಿತ್ತು, ಅಡಾಪ್ಟರಲ್ಲಿ ಆ ಸ್ಕ್ರೂ ಇಲ್ಲ. ಎಎಫ್-ಎಸ್, ಎಎಫ್-ಪಿ ಅಂತ ಬರೆದಿರೋ ಲೆನ್ಸ್ ಓಡ್ತವೆ (ಇಲ್ಲಿ ಎಎಫ್-ಎಸ್ ಅನ್ನೋದು ಲೆನ್ಸಿನ ಹೆಸರು, ಫೋಕಸ್ ಮೋಡ್ ಅಲ್ಲ). ಇದನ್ನ ಫಾಲ್ಟ್ ಅಂದ್ಕೊಂಡು ಅಡಾಪ್ಟರ್ ಬದಲಾಯಿಸೋಕೆ ಹೋಗಬೇಡಿ.

ಕತ್ತಲಲ್ಲಿ ಯಾಕೆ ಕುರುಡಾಗತ್ತೆ

ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್‌ಗೇ ಅಂತ ಬೇರೆ ಸೆನ್ಸರ್ ಇತ್ತು, ಕನ್ನಡಿ ಕೆಳಗಡೆ. ನೀವು ಎಫ್ 8 ಇಟ್ಟಿದ್ರೂ ಫೋಕಸ್ ಮಾಡೋವಾಗ ಲೆನ್ಸ್ ಪೂರ್ತಿ ತೆರೆದೇ ಇರ್ತಿತ್ತು, ಕ್ಲಿಕ್ ಆದಾಗ ಮಾತ್ರ ಮುಚ್ಚಿಕೊಳ್ತಿತ್ತು. ಕತ್ತಲಾದ್ರೆ ಫ್ಲಾಶ್ ಮುಂದಿನಿಂದ ಕೆಂಪು ಗೆರೆಗಳು ಬೀಳ್ತಿದ್ವು, ಹುಡುಗಿ ಸೀರೆ ಮೇಲೆ ಕೆಂಪು ಬಲೆ ಬಿದ್ದಂಗೆ, ಆ ಗೆರೆ ಹಿಡಿದು ಕ್ಯಾಮೆರಾ ಟಕ್ ಅಂತ ಲಾಕ್ ಆಗ್ತಿತ್ತು. ಮಿರರ್‌ಲೆಸ್‌ನಲ್ಲಿ ಫೋಟೋ ತೆಗೆಯೋ ಸೆನ್ಸರ್ರೇ ಫೋಕಸ್ಸೂ ಮಾಡ್ಬೇಕು. ಬಹುತೇಕ ಮಿರರ್‌ಲೆಸ್ ಬಾಡಿಗಳು ಆ ಕೆಂಪು ಗೆರೆಯನ್ನ ಬಳಸೋದೇ ಇಲ್ಲ. ನನಗೆ ತುಮಕೂರಲ್ಲಿ ಆಗಿದ್ದು ಇದೇ, ಹಳೆ ಅಭ್ಯಾಸದಲ್ಲಿ ಫ್ಲಾಶ್ ಇದೆಯಲ್ಲ ಅದೇ ಸಹಾಯ ಮಾಡತ್ತೆ ಅಂತ ನಂಬ್ಕೊಂಡಿದ್ದೆ. ಫ್ಲಾಶ್ ಬೆಳಕು ಬರೋದು ಫೋಕಸ್ ಆದಮೇಲೆ ಕಣ್ರಿ, ಫೋಕಸ್ ಆಗೋ ಹೊತ್ತಲ್ಲಿ ಕ್ಯಾಮೆರಾ ಕತ್ತಲಲ್ಲೇ ಇರತ್ತೆ.

ಬಾಡಿ ಮುಂದೆ ಒಂದು ಪುಟ್ಟ ಎಲ್‌ಇಡಿ ಇರತ್ತೆ, ಎಎಫ್ ಇಲ್ಯುಮಿನೇಟರ್ ಅಂತ. ಅದು ಬಹುತೇಕ ಎಎಫ್-ಎಸ್‌ನಲ್ಲಿ ಮಾತ್ರ ಹತ್ತತ್ತೆ, ಸೋನಿಯಲ್ಲಿ ಎಎಫ್-ಸಿ (ಬಿಡದೆ ಫೋಕಸ್ ಮಾಡ್ತಾನೇ ಇರೋ ಮೋಡ್) ಇಟ್ರೆ ಹತ್ತೋದೇ ಇಲ್ಲ. ನಾವೆಲ್ಲ ಕಣ್ಣು ಹಿಡಿಯತ್ತೆ ಅಂತ ದಿನವಿಡೀ ಎಎಫ್-ಸಿ ಇಟ್ಟಿರ್ತೀವಿ. ಇನ್ನು 24-70 ಲೆನ್ಸ್ ಮುಂದೆ ಹುಡ್ (ಅಡ್ಡ ಬೆಳಕು ತಡೆಯೋ ಕೊಳವೆ) ಹಾಕಿದ್ರೆ ಆ ಬೆಳಕಿಗೆ ಅರ್ಧ ಅಡ್ಡ, 70-200 ಹುಡ್ ಆದ್ರೆ ಪೂರ್ತಿ ಅಡ್ಡ. ಸಂಶಯ ಇದ್ರೆ ಕತ್ತಲೆ ರೂಮಲ್ಲಿ ಬಿಳಿ ಗೋಡೆ ಎದುರು ನಿಂತು ಅರ್ಧ ಒತ್ತಿ ನೋಡಿ, ಹುಡ್‌ನ ನೆರಳು ಗೋಡೆ ಮೇಲೆ ಅರ್ಧಚಂದ್ರದ ಥರ ಕಾಣತ್ತೆ.

ನಾನೀಗ ಏನು ಮಾಡ್ತೀನಿ ಅಂದ್ರೆ, ಎಂಟ್ರಿ ಟೈಮಲ್ಲಿ ಫ್ಲಾಶ್‌ನ ಮಾಡೆಲಿಂಗ್ ಲ್ಯಾಂಪ್ (ಒಂದೇ ಸಮ ಉರಿಯೋ ಪುಟ್ಟ ದೀಪ) ಸಣ್ಣದಾಗಿ ಆನ್ ಇಟ್ಟಿರ್ತೀನಿ. ಗೋಡಾಕ್ಸ್ ಕಂಪನಿ ಫ್ಲಾಶ್‌ಗಳಾದ ವಿ1, ವಿ860 ಮೂರನೇ ಮಾಡೆಲ್ ಇವುಗಳಲ್ಲಿ ಅದು ಇದೆ. ನಿಮ್ಮ ಫ್ಲಾಶಲ್ಲಿ ಇಲ್ಲ ಅಂದ್ರೆ ಅಂಗೈಯಷ್ಟಿರೋ ಒಂದು ಎಲ್‌ಇಡಿ ಲೈಟನ್ನ ಲೈಟ್ ಹಿಡಿಯೋ ಹುಡುಗನ ಕೈಗೆ ಕೊಡಿ, ಮುಖಕ್ಕೆ ನೇರ ಬೇಡ, ಪಕ್ಕದಿಂದ ಕೆನ್ನೆ ಮೇಲೆ ಸ್ವಲ್ಪ ಬಿದ್ರೆ ಸಾಕು. ಫೋಟೋದಲ್ಲಿ ಅದು ಕಾಣೋದೂ ಇಲ್ಲ, ಫ್ಲಾಶ್ ಬೆಳಕಲ್ಲಿ ಕರಗಿಹೋಗತ್ತೆ, ಆದ್ರೆ ಕ್ಯಾಮೆರಾಗೆ ಕಣ್ಣು ಬಂದಂಗೆ ಆಗತ್ತೆ. ಪಾರ್ ಲೈಟ್ ಪೂರ್ತಿ ನೀಲಿ ಇಲ್ಲಾ ಪೂರ್ತಿ ಕೆಂಪು ಇದ್ದಾಗ ಇದು ಇನ್ನೂ ಮುಖ್ಯ, ಒಂದೇ ಬಣ್ಣದ ಬೆಳಕಲ್ಲಿ ಮುಖದ ಏರಿಳಿತವೇ ಕಾಣಲ್ಲ.

ವ್ಯೂಫೈಂಡರ್ ಕಪ್ಪಾಗೋದು, ಅಪರ್ಚರ್ ಕಾಟ

ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ಇರಲಿ, ಸ್ಟೇಜ್ ಮೇಲೆ ಎರಡು ಫ್ಲಾಶ್ ನಿಲ್ಲಿಸಿ ಗ್ರೂಪ್ ಹೊಡೆಯೋದಿರಲಿ, ಶಟರ್ 1/200, ಅಪರ್ಚರ್ (ಲೆನ್ಸಿನ ತೆರಪು) ಎಫ್ 8, ಐಎಸ್‌ಒ 100 ಅಂತ ಇಟ್ಟ ತಕ್ಷಣ ವ್ಯೂಫೈಂಡರ್ ಕಪ್ಪು. ಕ್ಯಾಮೆರಾ ಸುಳ್ಳು ಹೇಳ್ತಿಲ್ಲ, ಫ್ಲಾಶ್ ಇಲ್ದೆ ಈ ಸೆಟ್ಟಿಂಗ್‌ಗೆ ಫೋಟೋ ಹಾಗೇ ಬರತ್ತೆ ಅಂತ ತೋರಿಸ್ತಿದೆ, ಅದಕ್ಕೆ ಫ್ಲಾಶ್ ಬರತ್ತೆ ಅಂತ ಗೊತ್ತಿಲ್ಲ. ಅದೇ ಬ್ರಾಂಡಿಗೆ ಮಾಡಿದ ಫ್ಲಾಶ್ ಆದ್ರೆ ಸಾಮಾನ್ಯವಾಗಿ ಕ್ಯಾಮೆರಾ ತಾನೇ ವ್ಯೂಫೈಂಡರ್ ಬೆಳಕು ಮಾಡ್ಕೊಳ್ಳತ್ತೆ, ಒಂದೇ ಪಿನ್ ಇರೋ ಸಾದಾ ಟ್ರಿಗರ್ (ದೂರದ ಫ್ಲಾಶನ್ನ ಹೊಡೆಸೋ ಸಾಧನ) ಹಾಕಿದ್ರೆ ಆಗಲ್ಲ. ಸೋನಿಯಲ್ಲಿ ಲೈವ್ ವ್ಯೂ ಡಿಸ್‌ಪ್ಲೇಗೆ ಹೋಗಿ ಸೆಟ್ಟಿಂಗ್ ಎಫೆಕ್ಟ್ ಆಫ್ ಮಾಡಿ. ಕ್ಯಾನನ್‌ನಲ್ಲಿ ಎಕ್ಸ್‌ಪೋಷರ್ ಸಿಮ್ಯುಲೇಶನ್ ಆಫ್, ಹೊಸ ಬಾಡಿಗಳಲ್ಲಿ ಅದರ ಹೆಸರು ಡಿಸ್‌ಪ್ಲೇ ಸಿಮ್ಯುಲೇಶನ್. ನಿಕಾನ್ ಝಡ್‌ನಲ್ಲಿ ಅಪ್ಲೈ ಸೆಟ್ಟಿಂಗ್ಸ್ ಟು ಲೈವ್ ವ್ಯೂ ಆಫ್. ಫ್ಯೂಜಿಯಲ್ಲಿ ಮ್ಯಾನುಯಲ್ ಮೋಡಿನ ಎಕ್ಸ್‌ಪೋಷರ್ ಪ್ರಿವ್ಯೂ ಆಫ್. ಇದನ್ನ ಒಂದು ಕಸ್ಟಮ್ ಬಟನ್‌ಗೆ ಹಾಕ್ಕೊಂಡ್ರೆ ಒಳ್ಳೇದು, ಹೊರಗೆ ಹೋದಾಗ ಮತ್ತೆ ಆನ್ ಬೇಕಾಗತ್ತೆ.

ಇದರ ಜೊತೆಗೇ ಬರೋ ಇನ್ನೊಂದು ಕಾಟ ಅಂದ್ರೆ ಅಪರ್ಚರ್. ಎಷ್ಟೋ ಮಿರರ್‌ಲೆಸ್‌ಗಳು ನೀವಿಟ್ಟ ಅಪರ್ಚರ್‌ನಲ್ಲೇ ಫೋಕಸ್ ಮಾಡ್ತವೆ. ನಿಕಾನ್ ಝಡ್ ಎಫ್ 5.6ರ ತನಕ ನೀವು ಇಟ್ಟಷ್ಟಕ್ಕೇ ಮುಚ್ಚಿಕೊಂಡು ಫೋಕಸ್ ಮಾಡತ್ತೆ, ಎಫ್ 8 ಇಟ್ರೂ ಫೋಕಸ್ ಹೊತ್ತಲ್ಲಿ 5.6ಕ್ಕಿಂತ ಮುಚ್ಚಲ್ಲ. ಸೋನಿಯಲ್ಲಿ ಸೆಟ್ಟಿಂಗ್ ಎಫೆಕ್ಟ್ ಆನ್ ಇದ್ರೆ ಎಫ್ 8 ಅಂದ್ರೆ ಎಫ್ 8ರಲ್ಲೇ ಹುಡುಕತ್ತೆ. ಲೆಕ್ಕ ಹಾಕಿ, ಎಫ್ 2.8 ಲೆನ್ಸನ್ನ ಎಫ್ 8ಕ್ಕೆ ಮುಚ್ಚಿದ್ರೆ ಮೂರು ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧ), ಒಳಗೆ ಬರೋ ಬೆಳಕು ಎಂಟನೇ ಒಂದು ಭಾಗ. ಮೊದಲೇ ಕತ್ತಲು, ಅದರಲ್ಲಿ ಎಂಟನೇ ಒಂದು ಪಾಲು. ಸೋನಿಯ ಕೆಲವು ಹೊಸ ಬಾಡಿಗಳಲ್ಲಿ ಅಪರ್ಚರ್ ಡ್ರೈವ್ ಇನ್ ಎಎಫ್ ಅಂತಿದೆ, ಅದನ್ನ ಫೋಕಸ್ ಪ್ರಯಾರಿಟಿಗೆ ಇಡಿ. ಅದಿಲ್ಲದೋರು ಗ್ರೂಪ್ ಫೋಟೋನ ಎಫ್ 5.6ಕ್ಕೆ ಇಳಿಸಿ ಐಎಸ್‌ಒ 400 ಮಾಡಿ, ಫ್ಲಾಶ್‌ಗೂ ಉಸಿರು ಸಿಗತ್ತೆ.

ಮಂಟಪದಲ್ಲಿ ಫೋಕಸ್ ಎಲ್ಲೆಲ್ಲಿ ಜಾರತ್ತೆ

ಬಾಸಿಂಗ ಕಟ್ಟಿದ ಮೇಲೆ ನೋಡಿ, ಹಣೆ ಮೇಲೆ ಮಣಿ, ಕೆನ್ನೆ ಪಕ್ಕ ಇಳಿಬಿದ್ದ ಮುತ್ತಿನ ಎಳೆ, ಕ್ಯಾಮೆರಾದ ಕಣ್ಣು ಹುಡುಕೋ ಐ ಎಎಫ್, ಕಣ್ಣು ಬಿಟ್ಟು ಆ ಎಳೆಗೆ ಹೋಗಿ ಕೂರತ್ತೆ, ಸ್ಕ್ರೀನಲ್ಲಿ ಶಾರ್ಪ್ ಅನ್ಸತ್ತೆ, ಮನೆಗೆ ಬಂದು ದೊಡ್ಡದು ಮಾಡಿದ್ರೆ ಮುತ್ತು ಫಳಫಳ ಕಣ್ಣು ಮಸುಕು. ಅಲ್ಲಿ ಎಫ್ 1.8 ಹಠ ಬೇಡ, ಎಫ್ 3.5 ಅಥವಾ 4ಕ್ಕೆ ಬನ್ನಿ, ದೊಡ್ಡ ಏರಿಯಾ ಬಿಟ್ಟು ಸಣ್ಣ ಪಾಯಿಂಟ್ ಕಣ್ಣಿನ ಮೇಲೇ ಇಡಿ.

ಅಂತರಪಟ ಹಿಡಿದಾಗ ಕ್ಯಾಮೆರಾಗೆ ಎದುರಿಗೆ ಬರೀ ಬಿಳಿ ಬಟ್ಟೆ, ಹಿಡ್ಕೊಳ್ಳೋಕೆ ಏನೂ ಇಲ್ಲ, ಲೆನ್ಸ್ ಒದ್ದಾಡತ್ತೆ, ಸರಿಯಾಗಿ ಪಟ ಸರಿಯೋ ಹೊತ್ತಿಗೆ ಫೋಕಸ್ ಎಲ್ಲೋ ಹೋಗಿರತ್ತೆ. ಬಟ್ಟೆ ಮೇಲಿನ ಸ್ವಸ್ತಿಕದ ಅಂಚಿಗೆ ಫೋಕಸ್ ಮಾಡಿ ಲಾಕ್ ಮಾಡ್ಕೊಳ್ಳಿ, ಪಟದ ಆಚೆ ಈಚೆ ಇರೋ ಇಬ್ಬರ ಮುಖವೂ ಹತ್ತಿರಹತ್ತಿರ ಅದೇ ದೂರದಲ್ಲಿರತ್ತೆ, ಎಫ್ 5.6 ಇದ್ರೆ ಸಾಕು. ಬ್ಯಾಕ್ ಬಟನ್ ಫೋಕಸ್ (ಕ್ಯಾಮೆರಾ ಹಿಂದಿನ ಬಟನ್ ಹೆಬ್ಬೆಟ್ಟಲ್ಲಿ ಒತ್ತಿ ಫೋಕಸ್ ಮಾಡೋದು) ಅಭ್ಯಾಸ ಇದ್ರೆ ಇಲ್ಲಿ ಅದರ ಬೆಲೆ ಗೊತ್ತಾಗತ್ತೆ, ಹೆಬ್ಬೆಟ್ಟು ತೆಗೆದ್ರೆ ಫೋಕಸ್ ಅಲ್ಲೇ ನಿಲ್ಲತ್ತೆ.

ಗಟ್ಟಿಮೇಳ ಅಂದ ಕೂಡ್ಲೇ ಅಕ್ಷತೆ ಹಾರತ್ತೆ. ಮುಂದೆ ಹಾರೋ ಅಕ್ಕಿಕಾಳಿಗೆ ಫೋಕಸ್ ಜಿಗಿಯತ್ತೆ. ಇದಕ್ಕೆ ಟ್ರ್ಯಾಕಿಂಗ್ ಸೆನ್ಸಿಟಿವಿಟಿ ಅಂತ ಸೆಟ್ಟಿಂಗ್ ಇದೆ. ಸೋನಿಯಲ್ಲಿ 1 ಅಂದ್ರೆ ಹಿಡಿದದ್ದನ್ನ ಬಿಡಲ್ಲ, 5 ಅಂದ್ರೆ ಹೊಸದು ಕಂಡ ತಕ್ಷಣ ಹಾರತ್ತೆ. ನಿಕಾನ್‌ನಲ್ಲಿ ಉಲ್ಟಾ, ಅಲ್ಲಿ 5 ಇಟ್ರೆ ನಿಧಾನ. ಕ್ಯಾನನ್‌ನಲ್ಲಿ ಕೇಸ್ 2, ಅಡ್ಡ ಬಂದದ್ದನ್ನ ಲೆಕ್ಕಕ್ಕೆ ತಗೋಬೇಡ ಅನ್ನೋದಕ್ಕೇ ಇರೋದು. ಮುಹೂರ್ತಕ್ಕೆ ಮುಂಚೆ ಇದನ್ನ ಸೆಟ್ ಮಾಡಿಟ್ಕೊಳ್ಳಿ, ವಾದ್ಯ ಜೋರಾದಮೇಲೆ ಮೆನು ಹುಡುಕೋಕೆ ಆಗಲ್ಲ.

ಒಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಬಹುತೇಕ ಬಾಡಿಗಳ ಸೆನ್ಸರ್ ಮೇಲಿನ ಫೋಕಸ್ ಪಿಕ್ಸೆಲ್‌ಗಳು ನಿಂತ ಗೆರೆಗಳನ್ನ ಚೆನ್ನಾಗಿ ಹಿಡೀತವೆ, ಮಲಗಿದ ಗೆರೆಗಳನ್ನ ಹಿಡಿಯಲ್ಲ. ಸೀರೆ ಅಂಚು ಅಡ್ಡಡ್ಡ ಇದೆ, ಅದರ ಮೇಲೆ ಪಾಯಿಂಟ್ ಇಟ್ಟಿದೀರ, ಬೆಳಕೂ ಸಾಕಷ್ಟಿದೆ, ಆದ್ರೂ ಲೆನ್ಸ್ ಓಡಾಡ್ತಿದೆ ಅಂದ್ರೆ ಕ್ಯಾಮೆರಾನ ಸ್ವಲ್ಪ ಓರೆ ಮಾಡಿ, ಇಲ್ಲಾ ನೇರ ನಿಲ್ಲಿಸಿ ಹಿಡೀರಿ, ಟಕ್ ಅಂತ ಸಿಗತ್ತೆ, ಲಾಕ್ ಮಾಡಿ ಮತ್ತೆ ಅಡ್ಡ ಹಿಡ್ಕೊಳ್ಳಿ. ಕಿಟಕಿಯ ಅಡ್ಡ ಪಟ್ಟಿ, ಮೆಟ್ಟಿಲು, ಎಲ್ಲಕ್ಕೂ ಇದೇ ಮದ್ದು.

ಫೋಕಸ್ ಆಗದೇನೇ ಕ್ಲಿಕ್ ಆಗ್ತಿದೆ ಅಂದ್ರೆ ಪ್ರಯಾರಿಟಿ ಸೆಟ್ಟಿಂಗ್ ನೋಡಿ, ರಿಲೀಸ್ ಅಂತಿದ್ರೆ ಸಿಕ್ಕಿರಲಿ ಬಿಡಲಿ ಹೊಡೆದೇ ಹೊಡೆಯತ್ತೆ. ಎಎಫ್-ಎಸ್‌ಗೆ ಫೋಕಸ್ ಪ್ರಯಾರಿಟಿ ಇಡಿ. ಎಎಫ್-ಸಿಗೆ ನಾನು ಸೋನಿಯಲ್ಲಿ ಬ್ಯಾಲೆನ್ಸ್ಡ್ ಬಿಟ್ಟಿರ್ತೀನಿ, ತಾಳಿ ಕಟ್ಟೋ ಕ್ಷಣ ಸ್ವಲ್ಪ ಮಸುಕಾದ್ರೂ ಸಿಗಬೇಕು ಅನ್ನೋದು ನನ್ನ ಅಭಿಪ್ರಾಯ, ಇಲ್ಲದೇ ಇರೋದಕ್ಕಿಂತ ಅದು ವಾಸಿ.

ಫ್ಲಾಶ್ ಹೊಡೀತಿಲ್ಲ

ಮೊದಲ ಅನುಮಾನ ಸೈಲೆಂಟ್ ಶಟರ್ ಮೇಲೆ. ದೇವಸ್ಥಾನದಲ್ಲಿ ಸದ್ದು ಬೇಡ ಅಂತ ಆನ್ ಮಾಡಿರ್ತೀವಿ, ಮರೆತುಹೋಗತ್ತೆ, ಸಂಜೆ ಫ್ಲಾಶ್ ಹೊಡಿಯಲ್ಲ. ಎಲೆಕ್ಟ್ರಾನಿಕ್ ಶಟರ್ ಸೆನ್ಸರ್ ಅನ್ನ ಸಾಲು ಸಾಲಾಗಿ ಓದತ್ತೆ, ಕಣ್ಣುಮಿಟುಕೋ ಫ್ಲಾಶ್ ಎಲ್ಲ ಸಾಲಿಗೂ ಒಟ್ಟಿಗೆ ಬೀಳಲ್ಲ, ಅದಕ್ಕೆ ಬಹುತೇಕ ಬಾಡಿಗಳು ಫ್ಲಾಶನ್ನೇ ಬಂದ್ ಮಾಡ್ತವೆ. ನಿಕಾನ್ ಝಡ್ 8, ಝಡ್ 9ರಲ್ಲಿ ಮೆಕ್ಯಾನಿಕಲ್ ಶಟರ್ ಇಲ್ಲದೇನೂ ಫ್ಲಾಶ್ ನಡೆಯತ್ತೆ, ಅವುಗಳ ಸೆನ್ಸರ್ ಅಷ್ಟು ಬೇಗ ಓದತ್ತೆ. 2023ರ ಸೋನಿ ಎ9 ಮೂರನೇ ಮಾಡೆಲ್ ಇಡೀ ಸೆನ್ಸರ್ ಒಂದೇ ಸಲ ಓದತ್ತೆ, ಅದಕ್ಕೆ ಈ ತಾಪತ್ರಯವೇ ಇಲ್ಲ. ನಮ್ಮ ನಿಮ್ಮಂಥೋರ ಬಾಡಿಯಲ್ಲಿ ಮೆಕ್ಯಾನಿಕಲ್‌ಗೆ ಬನ್ನಿ. ಫ್ಯೂಜಿಯವರು ಸೌಂಡ್ ಅಂಡ್ ಫ್ಲಾಶ್ ಅನ್ನೋ ಮೆನು ಆಫ್ ಆಗಿದೆಯಾ ನೋಡ್ಕೊಳ್ಳಿ, ಸದ್ದು ಆಫ್ ಮಾಡೋಕೆ ಹೋಗಿ ಫ್ಲಾಶೂ ಆಫ್ ಆಗಿರತ್ತೆ.

ಎರಡನೇದು ಫ್ಲಾಶಿನ ಬುಡ. ಫ್ಲಾಶ್ ಮೇಲಿನ ಟೆಸ್ಟ್ ಬಟನ್ ಒತ್ತಿ, ಅದು ಹೊಡೆದು ಕ್ಯಾಮೆರಾದಿಂದ ಹೊಡೀಲಿಲ್ಲ ಅಂದ್ರೆ ಕಾಂಟ್ಯಾಕ್ಟ್ ತೊಂದರೆ ಅಂತಲೇ ಇಟ್ಕೊಳ್ಳಿ. ಸೋನಿ 2012ರಿಂದ ಬಳಸ್ತಿರೋ ಮಲ್ಟಿ ಇಂಟರ್‌ಫೇಸ್ ಶೂ (ಬಾಡಿ ಮೇಲೆ ಫ್ಲಾಶ್ ಕೂರಿಸೋ ಜಾಗ) ಇದೆಯಲ್ಲ, ಅದರ ಮುಂದಿನ ತುಟಿ ಕೆಳಗೆ ಕೂದಲೆಳೆಯಂಥ ಕಾಂಟ್ಯಾಕ್ಟ್‌ಗಳು ಸಾಲಾಗಿವೆ, ಫ್ಲಾಶ್ ಬುಡದ ಮುಂದಿನ ನಾಲಿಗೆ ಅದರೊಳಗೆ ಹೋಗಿ ಕೂರಬೇಕು. ಕೂದಲೆಳೆಯಷ್ಟು ಹಿಂದೆ ಉಳಿದ್ರೂ ಸಂಪರ್ಕ ತಪ್ಪತ್ತೆ. ನನ್ನ ಒಂದು ಫ್ಲಾಶ್, ಕ್ಯಾಮೆರಾ ಅಡ್ಡ ಹಿಡಿದಾಗ ಹೊಡೀತಿತ್ತು, ಕ್ಯಾಮೆರಾ ನಿಲ್ಲಿಸಿ ಹಿಡಿದಾಗ ಹೊಡೀತಿರ್ಲಿಲ್ಲ, ಅದರ ಭಾರಕ್ಕೆ ಬುಡ ಸ್ವಲ್ಪ ವಾಲ್ತಿತ್ತು. ಟಾರ್ಚ್ ಹಾಕಿ ಬುಡ ನೋಡಿದ್ರೆ ಪ್ಲಾಸ್ಟಿಕ್‌ನಲ್ಲಿ ಉಗುರಿನಷ್ಟು ಬಿರುಕು. ಫ್ಲಾಶ್ ಹಿಡಿದು ಕ್ಯಾಮೆರಾ ಎತ್ತೋ ಅಭ್ಯಾಸ ಇರೋರು ದಯವಿಟ್ಟು ಬಿಡಿ. ಕೂರಿಸುವಾಗ ಲಾಕ್ ಪೂರ್ತಿ ಸಡಿಲ ಮಾಡಿ ಸೀದಾ ತಳ್ಳಿ, ಓರೆಯಾಗಿ ಬಲ ಹಾಕಿದ್ರೆ ಆ ಎಳೆಗಳು ಬಾಗಿಹೋಗ್ತವೆ, ಆಮೇಲೆ ಖರ್ಚು ಕ್ಯಾಮೆರಾ ಬಾಡಿದು.

ಗೋಡಾಕ್ಸ್ ತಗೊಳ್ಳೋವಾಗ ಕೊನೆ ಅಕ್ಷರ ನೋಡಿ, ಸೋನಿಗೆ ಎಸ್, ಕ್ಯಾನನ್‌ಗೆ ಸಿ, ನಿಕಾನ್‌ಗೆ ಎನ್, ಫ್ಯೂಜಿಗೆ ಎಫ್. ಸೆಕೆಂಡ್ ಹ್ಯಾಂಡಲ್ಲಿ ಕಮ್ಮಿಗೆ ಸಿಕ್ತು ಅಂತ ಬೇರೆ ಅಕ್ಷರದ್ದು ತಂದ್ರೆ ಟಿಟಿಎಲ್ (ಕ್ಯಾಮೆರಾನೇ ಅಳೆದು ಫ್ಲಾಶ್ ಪವರ್ ಇಡೋದು), ಎಚ್‌ಎಸ್‌ಎಸ್ (ತುಂಬ ವೇಗದ ಶಟರ್‌ನಲ್ಲೂ ಫ್ಲಾಶ್ ನಡೆಯೋದು) ಎರಡೂ ಸಿಗಲ್ಲ. ಹೊಸ ಬಾಡಿಗೆ ಹಳೆ ಫ್ಲಾಶ್ ಹಾಕಿ ಟಿಟಿಎಲ್ ಮಾತ್ರ ತಪ್ತಿದೆ ಅಂದ್ರೆ ಫ್ಲಾಶ್ ಮತ್ತು ಟ್ರಿಗರ್ ಎರಡರ ಫರ್ಮ್‌ವೇರ್ ಅಪ್‌ಡೇಟ್ ಮಾಡಿ. ಅಪ್ಪನ ಕಾಲದ ಫ್ಲಾಶನ್ನ ಮಾತ್ರ ನೇರ ಶೂಗೆ ಹಾಕಲೇಬೇಡಿ, ಹಳೆ ಕೆಲವು ಫ್ಲಾಶ್‌ಗಳ ಟ್ರಿಗರ್ ವೋಲ್ಟೇಜ್ 200 ದಾಟತ್ತೆ, ಬಾಡಿ ಸರ್ಕ್ಯೂಟ್ ಸುಟ್ಟುಹೋಗಬಹುದು.

ನೀವು ಒತ್ತದೇನೇ ಫ್ಲಾಶ್ ಹೊಡೀತಿದ್ರೆ ಹೆದರಬೇಡಿ, ಪಕ್ಕದ ವಿಡಿಯೋ ಟೀಮಿನ ಜೊತೆ ಬಂದ ಫೋಟೋಗ್ರಾಫರ್ ಹತ್ರನೂ ಅದೇ ಕಂಪನಿ ಟ್ರಿಗರ್ ಇದೆ, ಇಬ್ಬರೂ ಚಾನಲ್ 1ರಲ್ಲಿ ಇದೀರ. ಅವರು ಕ್ಲಿಕ್ ಮಾಡಿದಾಗ ನಿಮ್ಮದು ಹೊಡೀತಿದೆ, ನೀವು ಕ್ಲಿಕ್ ಮಾಡೋ ಹೊತ್ತಿಗೆ ಅದು ಚಾರ್ಜ್ ಆಗಿರಲ್ಲ. "ಸಾರ್ ನೀವು ಯಾವ ಚಾನಲ್‌ನಲ್ಲಿದೀರ" ಅಂತ ಕೇಳಿ ಬೇರೆ ಮಾಡ್ಕೊಳ್ಳಿ, ಗೋಡಾಕ್ಸ್‌ನಲ್ಲಿ 32 ಚಾನಲ್ ಇದೆ, ಜೊತೆಗೆ ಐಡಿ ನಂಬರೂ ಹಾಕಬಹುದು. ಟ್ರಿಗರ್ ಮತ್ತು ಫ್ಲಾಶ್ ಹತ್ತಿರಹತ್ತಿರ ಇದ್ದು ಆಗಾಗ ತಪ್ಪಿದ್ರೆ ದೂರದ ಸೆಟ್ಟಿಂಗ್ 1-100 ಮೀಟರ್‌ನಿಂದ 0-30ಕ್ಕೆ ಇಳಿಸಿ. ಫ್ಲಾಶಲ್ಲಿ ಎಸ್1 ಅನ್ನೋ ಆಪ್ಟಿಕಲ್ ಮೋಡ್ ಆನ್ ಆಗಿದ್ರೆ ಹಾಲಲ್ಲಿ ಯಾರ ಫ್ಲಾಶ್ ಬಿದ್ರೂ ಅದು ಹೊಡೆಯತ್ತೆ, ಅದನ್ನೂ ನೋಡಿ.

ಬ್ಯಾಟರಿ ವಿಷಯ ಬೇಗ ಮುಗಿಸ್ತೀನಿ. ಪೆನ್ಸಿಲ್ ಸೆಲ್ ಹಾಕೋ ಫ್ಲಾಶ್‌ಗೆ ಅಂಗಡಿಯ ಆಲ್ಕಲೈನ್ ಬೇಡ, ರೀಚಾರ್ಜಬಲ್ ನಿಕ್ಕಲ್ ಸೆಲ್ ಹಾಕಿ, ಅದರ ಮೇಲೆ 1.2 ವೋಲ್ಟ್ ಅಂತಿದ್ರೂ ಒಂದೇ ಸಲಕ್ಕೆ ಹೆಚ್ಚು ಕರೆಂಟ್ ಕೊಡತ್ತೆ, ಬೇಗ ತುಂಬ್ಕೊಳ್ಳತ್ತೆ. ಫುಲ್ ಪವರ್‌ನಲ್ಲಿ ಸಾಲಾಗಿ ಹೊಡೆದ್ರೆ ಫ್ಲಾಶ್ ಬಿಸಿಯಾಗಿ ತಾನೇ ನಿಧಾನ ಆಗತ್ತೆ, ಅದು ಕೆಟ್ಟದ್ದಲ್ಲ, ತನ್ನ ಟ್ಯೂಬ್ ಕಾಪಾಡ್ಕೊಳ್ತಿದೆ. ಫ್ಲಾಶ್ ಸ್ಲೀಪ್‌ಗೆ ಹೋಗಿದ್ರೆ ಅರ್ಧ ಒತ್ತಿ ಎಬ್ಬಿಸಿ ಒಂದು ಕ್ಷಣ ಕಾಯಿರಿ.

ಹೊಡೀತಿದೆ, ಆದ್ರೆ ಫೋಟೋ ಸರಿ ಇಲ್ಲ

ಫ್ರೇಮಿನ ಒಂದು ಕಡೆ ಕಪ್ಪು ಪಟ್ಟಿ ಬಂದ್ರೆ ಸಿಂಕ್ ಸ್ಪೀಡ್ (ಫ್ಲಾಶ್ ಜೊತೆ ನಡೆಯೋ ಅತಿ ವೇಗದ ಶಟರ್) ದಾಟಿದೀರ. ಸೋನಿ ಎ7 ಮೂರನೇ ಮಾಡೆಲ್‌ಗೆ 1/250, ನಿಕಾನ್ ಝಡ್ 6ಕ್ಕೆ 1/200, ಕ್ಯಾನನ್ ಆರ್‌ಪಿಗೆ 1/180, ಸೋನಿ ಎ7ಸಿಗೆ 1/160. ಗೆಳೆಯನ ಬಾಡಿಯಲ್ಲಿ ಬಂತು ನನ್ನದ್ರಲ್ಲಿ ಯಾಕಿಲ್ಲ ಅನ್ನೋದಕ್ಕೆ ಇಷ್ಟೇ ಕಾರಣ. ಹಗಲಲ್ಲಿ ಅದಕ್ಕಿಂತ ಮೇಲೆ ಬೇಕಂದ್ರೆ ಎಚ್‌ಎಸ್‌ಎಸ್ ಆನ್ ಮಾಡಿ, ಆದ್ರೆ ಪವರ್ ಹತ್ತಿರಹತ್ತಿರ ಎರಡು ಸ್ಟಾಪ್ ಕಮ್ಮಿ ಆಗತ್ತೆ ಅಂತ ನೆನಪಿರಲಿ. ಎಚ್‌ಎಸ್‌ಎಸ್‌ನಲ್ಲಿ ಮೇಲೊಂದು ಥರ ಕೆಳಗೊಂದು ಥರ ಬೆಳಕು ಬಂದ್ರೆ ಎಲೆಕ್ಟ್ರಾನಿಕ್ ಫ್ರಂಟ್ ಕರ್ಟನ್ ಅನ್ನೋ ಶಟರ್ ಸೆಟ್ಟಿಂಗ್ ಆಫ್ ಮಾಡಿ ನೋಡಿ.

ಫೋಟೋದಲ್ಲಿ ಅಜ್ಜಿ ಅಜ್ಜ ಯಾವಾಗ್ಲೂ ಕಣ್ಣು ಮುಚ್ಚಿರ್ತಾರಾ? ಟಿಟಿಎಲ್‌ನಲ್ಲಿ ಮುಖ್ಯ ಫ್ಲಾಶ್‌ಗೆ ಮುಂಚೆ ಅಳತೆಗೆ ಒಂದು ಸಣ್ಣ ಫ್ಲಾಶ್ ಹೋಗತ್ತೆ, ಅದಕ್ಕೇ ಅವರ ರೆಪ್ಪೆ ಬಡಿಯತ್ತೆ, ಮುಖ್ಯದು ಬರೋ ಹೊತ್ತಿಗೆ ಕಣ್ಣು ಮುಚ್ಚಿರತ್ತೆ. ಸ್ಟೇಜ್ ಗ್ರೂಪ್‌ಗೆ ಫ್ಲಾಶ್ ಪವರ್ ಮ್ಯಾನುಯಲ್ 1/8 ಅಥವಾ 1/4 ಇಟ್ಟುಬಿಡಿ, ದೂರ ಹೇಗೂ ಬದಲಾಗಲ್ಲ. ಹಿಂದಿನ ಎಲ್‌ಇಡಿ ವಾಲ್‌ನಲ್ಲಿ ಪಟ್ಟೆ ಪಟ್ಟೆ ಬಂದ್ರೆ ಅದು ಫ್ಲಾಶ್ ತಪ್ಪಲ್ಲ, ಶಟರ್‌ನ 1/50 ಇಲ್ಲಾ 1/100ರ ಸುತ್ತ ಹೊಂದಿಸಿ ನೋಡಿ, ನಮ್ಮ ಕರೆಂಟು 50 ಹರ್ಟ್ಸ್, ಸಾದಾ ದೀಪಗಳು ಸೆಕೆಂಡಿಗೆ 100 ಸಲ ಮಿಣುಕ್ತವೆ. ವಾಲ್‌ನ ಮಿಣುಕು ಬೇರೆ ಲೆಕ್ಕದ್ದು, ಅದಕ್ಕೆ ಕಣ್ಣಳತೆಯಲ್ಲೇ ಹೊಂದಿಸ್ಬೇಕು.

ಇಷ್ಟೆಲ್ಲ ಮಾಡಿದ್ರೂ ಹಗಲಿನ ನ್ಯೂಸ್‌ಪೇಪರ್ ಟೆಸ್ಟಲ್ಲಿ ಮಸುಕು ಬರ್ತಿದೆ, ಎರಡು ಬೇರೆ ಲೆನ್ಸಲ್ಲೂ ಬರ್ತಿದೆ, ಅಥವಾ ಎರಡು ಬೇರೆ ಫ್ಲಾಶ್ ಹಾಕಿದ್ರೂ ಹೊಡೀತಿಲ್ಲ ಅಂದ್ರೆ ಆಗ ಸರ್ವಿಸ್‌ಗೆ ಕೊಡಿ. ಕೊಡೋವಾಗ ಬರೀ "ಫೋಕಸ್ ಪ್ರಾಬ್ಲಂ" ಅಂತ ಬರೆಸಬೇಡಿ. ಆ ಟೆಸ್ಟಿನ ರಾ ಫೈಲ್‌ಗಳು ಒಂದು ಪೆನ್‌ಡ್ರೈವ್‌ನಲ್ಲಿ, ಯಾವ ಲೆನ್ಸ್, ಯಾವ ಅಪರ್ಚರ್, ಎಎಫ್-ಎಸ್ಸೋ ಎಎಫ್-ಸಿಯೋ ಅಂತ ಒಂದು ಚೀಟಿ, ಲೆನ್ಸ್ ಒದ್ದಾಡೋದನ್ನ ಮೊಬೈಲಲ್ಲಿ ತೆಗೆದ ಅರ್ಧ ನಿಮಿಷದ ವಿಡಿಯೋ, ಇಷ್ಟು ಜೊತೆಗೆ ಕೊಡಿ, ಕೌಂಟರ್‌ನಲ್ಲೇ ಅವರ ಎದುರಿಗೇ ಒಂದು ಸಲ ಮಾಡಿ ತೋರಿಸಿ. ಬಿರುಕು ಬಿಟ್ಟ ನನ್ನ ಫ್ಲಾಶನ್ನ ಹೀಗೇ ತಗೊಂಡು ಹೋಗಿದ್ದೆ, ನಿಲ್ಲಿಸಿ ಹಿಡಿದಾಗ ಹೊಡಿಯಲ್ಲ ಅಂತ ಅಲ್ಲೇ ತೋರಿಸಿದೆ, ನಾಲ್ಕನೇ ದಿನಕ್ಕೆ ಬುಡ ಬದಲಾಯಿಸಿ ಕೊಟ್ರು.